ಗರಡಿಗೆ ಸಿಮೆಂಟು ಹಾಕಿದ ವರ್ಷ

ನಮ್ಮ ಕರಾಟೆ ಶಾಲೆಗೆ ಒಂದು ವರ್ಷ ತುಂಬಿದಾಗ ನಾನೊಂದು ವರದಿ ಬರೆದಿದ್ದೆ. ಗೆರೆ ಹಾಳೆಯ ಎರಡೂ ಮಗ್ಗುಲು ತುಂಬುವಷ್ಟು. ರಾಮನಗರದಲ್ಲಿ ಏಳು ಹುಡುಗರಿಂದ ಶುರುವಾದದ್ದು, ಮಳೆಗಾಲ ಮುಗಿಯುವಷ್ಟರಲ್ಲಿ ಚನ್ನಪಟ್ಟಣಕ್ಕೆ ಹೋದದ್ದು, ಆಮೇಲೆ ಕನಕಪುರ, ಕೊನೆಗೆ ಮಾಗಡಿ. ಹೆಣ್ಣುಮಕ್ಕಳೂ ಸೇರಿಕೊಂಡದ್ದು. ಹನ್ನೊಂದು ಮಂದಿಗೆ ಹಳದಿ ಬೆಲ್ಟು ಸಿಕ್ಕಿದ್ದು. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಮಾವನ ಸುದ್ದಿ ಮಾತ್ರ ಅದರಲ್ಲಿ ಎಲ್ಲೂ ಇಲ್ಲ.

ಮಾವ ಅಂದರೆ ನನ್ನ ತಾಯಿಯ ಅಣ್ಣ. ಬೈರಮಂಗಲದ ಕಡೆ ಕುರಿ ಮೇಯಿಸಿಕೊಂಡಿದ್ದ ಮನೆಯವರು. ಹುಡುಗನಾಗಿದ್ದಾಗ ಕೆರೆಯಂಗಳದಲ್ಲಿ ಟಗರುಗಳ ಕೊಂಬು ಹಿಡಿದು ಅವುಗಳ ಜೊತೆ ನೂಕಾಟ ಆಡುತ್ತಿದ್ದರಂತೆ. ಅದನ್ನು ನೋಡಿದ ಯಾರೋ ರಾಮನಗರದ ಗರಡಿಗೆ ಕರೆತಂದು ಬಿಟ್ಟರು. ಅಲ್ಲಿನ ಉಸ್ತಾದರು ಕಣ್ಣು ಮುಚ್ಚುವ ಹೊತ್ತಿಗೆ ಗರಡಿ ಮಾವನ ಕೈಗೆ ಬಂದಿತ್ತು. ಹಗಲು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಇಳಿಸುವ ಕೆಲಸ, ಬೆಳಿಗ್ಗೆ ಸಂಜೆ ಗರಡಿ. ಅತ್ತೆ ತೀರಿಕೊಂಡಿದ್ದರು. ಇದ್ದ ಒಬ್ಬ ಮಗಳನ್ನು ಮರಳವಾಡಿಗೆ ಕೊಟ್ಟಿದ್ದರು.

ನಮ್ಮೂರು ಅಕ್ಕೂರು. ಹೈಸ್ಕೂಲಿಗೆಂದು ನಾನು ರಾಮನಗರಕ್ಕೆ ಬಂದವನು ಗರಡಿಯ ಹಿಂದಿನ ಕೋಣೆಯಲ್ಲಿ ಮಾವನ ಜೊತೆ ಉಳಿದೆ. ಆ ಗರಡಿಯ ಬಾಗಿಲು ಬಹಳ ಗಿಡ್ಡ. ಎಂಥವನೂ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ನಡುವೆ ಕುಸ್ತಿಯ ಮಟ್ಟಿ, ಅಂದರೆ ಮೊಣಕಾಲುದ್ದ ಅಗೆದು ಕೆಮ್ಮಣ್ಣು ತುಂಬಿದ ಚೌಕ. ಗೋಡೆಯ ಗೂಡಿನಲ್ಲಿ ಆಂಜನೇಯ. ಆ ಮಣ್ಣನ್ನು ಮಾವ ಜರಡಿ ಹಿಡಿದು, ಅರಿಶಿನ, ಎಳ್ಳೆಣ್ಣೆ, ಮಜ್ಜಿಗೆ, ನಿಂಬೆಹಣ್ಣಿನ ರಸ ಹಾಕಿ ಕಲಸುತ್ತಿದ್ದರು. ಅದರ ಮೇಲೆ ಬಿದ್ದರೆ ನೋವಾಗುತ್ತಿರಲಿಲ್ಲ. ನನ್ನನ್ನು ಸಾವಿರ ಸಲ ಅದರಲ್ಲಿ ಕೆಡವಿದ್ದಾರೆ. ಪ್ರತಿ ಸಲವೂ ಬೀಳುವ ಮೊದಲು ನನ್ನ ಕತ್ತಿನ ಹಿಂದೆ ಅವರ ಅಂಗೈ ಇರುತ್ತಿತ್ತು. ಅದು ಕಲಿಸುವ ಕ್ರಮವೋ ಪ್ರೀತಿಯೋ ಆಗ ನನಗೆ ಗೊತ್ತಿರಲಿಲ್ಲ.

ಮೆಟ್ರಿಕ್ ಮುಗಿಸಿ ಬೆಂಗಳೂರಿಗೆ ಫಿಟ್ಟರ್ ಕೆಲಸ ಕಲಿಯಲು ಹೋದೆ. ಅಲ್ಲೇ ಕರಾಟೆ ಕಲಿತೆ. ನಮ್ಮ ಗುರುಗಳು ಇಸ್ತ್ರಿ ಮಾಡಿದ ಬಟ್ಟೆಯ ಮನುಷ್ಯ, ಇಂಗ್ಲಿಷಿನಲ್ಲೇ ಬೈಯುತ್ತಿದ್ದರು. ಐದು ವರ್ಷದ ನಂತರ ಕಪ್ಪು ಬೆಲ್ಟು ಕಟ್ಟಿಕೊಂಡು ರಾಮನಗರಕ್ಕೆ, ಮಾವನ ಕೋಣೆಗೇ ವಾಪಸು ಬಂದೆ. ನೂಲು ತೆಗೆಯುವ ಒಂದು ಕಾರ್ಖಾನೆಯಲ್ಲಿ ಯಂತ್ರ ರಿಪೇರಿಯ ಕೆಲಸ ಸಿಕ್ಕಿತು.

ಆಗ ರೇಷ್ಮೆಗೆ ಕಾಲ ಬಂದಿತ್ತು. ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಹಿಪ್ಪುನೇರಳೆ ಆಗಿದ್ದವು. ಹಳ್ಳಿಗಳಲ್ಲಿ ಹೆಂಚಿನ ಮನೆ ತೆಗೆದು ಆರ್‌ಸಿಸಿ ಕಟ್ಟುತ್ತಿದ್ದರು. ಟಿವಿ ಬಂದಿತ್ತು. ಹಬ್ಬ ಬಂದರೆ ವಿಡಿಯೋ ಬಾಡಿಗೆಗೆ ತಂದು ಚೀನಾದವರ ಹೊಡೆದಾಟದ ಸಿನಿಮಾ ಹಾಕುತ್ತಿದ್ದರು. ಬೀದಿಯಲ್ಲಿ ಹೋಗುವ ಹುಡುಗರೆಲ್ಲ ಗಾಳಿಗೆ ಕಾಲು ಬೀಸಿಕೊಂಡೇ ಹೋಗುತ್ತಿದ್ದರು. ಲಂಗೋಟಿ ಕಟ್ಟಿ ಮಣ್ಣಿಗೆ ಇಳಿಯುವುದೆಂದರೆ ಅವರಿಗೆ ನಾಚಿಕೆ. ಬಿಳಿ ಪೋಷಾಕು, ಬೆಲ್ಟು, ಸರ್ಟಿಫಿಕೇಟು ಎಂದರೆ ಅವರ ಅಪ್ಪಂದಿರಿಗೂ ಆಸೆ. ನಾನು ಸರಿಯಾದ ಹೊತ್ತಿಗೆ ಬಂದಿದ್ದೆ.

ಒಂದು ಸ್ಕೂಲಿನ ಮೈದಾನದಲ್ಲಿ ಮೊದಲ ಕ್ಲಾಸು ನಡೆಯಿತು. ಬಂದವರು ಏಳು ಜನ. ಅವರಲ್ಲಿ ನಾಲ್ವರು ಮಾವನ ಗರಡಿಯ ಹುಡುಗರು. ಅವತ್ತು ಮನೆಗೆ ಬಂದು ಮಾವನ ಮುಖ ನೋಡಲು ಹಿಂಜರಿದೆ. ಅವರೇ ಮಾತು ತೆಗೆದರು.

"ನಮ್ಮುಡುಗ್ರು ಬಂದಿದ್ರಂತೆ?"

"ನಾನು ಕರೀಲಿಲ್ಲ ಮಾವ."

"ಕರೆದ್ರೆ ತಾನೆ ಏನಾಯ್ತದೆ? ಮೈ ಬಗ್ಸದು ಮುಖ್ಯ ಕಣ್ಲಾ. ಇಲ್ಲಿ ಬಗ್ಸುದ್ರೇನು, ಅಲ್ಲಿ ಬಗ್ಸುದ್ರೇನು. ಆ ಕೆಂಚ್ಗಿರೋ ಹುಡುಗಂಗೆ ಬಲಗಾಲು ಒಸಿ ಸೋಲ್ತದೆ. ನೋಡ್ಕೊಂಡು ಹೇಳ್ಕೊಡು."

ಮಳೆ ಹಿಡಿದಾಗ ಮೈದಾನ ಕೆಸರಾಯಿತು. ಒಂದು ವಾರ ಕ್ಲಾಸು ನಿಂತಿತು. ಆಗಲೂ ಮಾವನೇ, "ಗರಡಿಗೆ ಕರ್ಕೊಂಡ್ ಬಾ. ಸೂರೈತಲ್ಲ" ಅಂದರು. ನಾವು ಮಟ್ಟಿಯ ಸುತ್ತ, ಗೋಡೆಯ ಉದ್ದಕ್ಕೂ ಸಾಲಾಗಿ ನಿಂತು ಕೈಕಾಲು ಬೀಸುತ್ತಿದ್ದೆವು. ಮಾವನ ಉಳಿದ ಹುಡುಗರು ನಡುವೆ ಮಣ್ಣಿನಲ್ಲಿ ಕುಸ್ತಿ ಆಡುತ್ತಿದ್ದರು. ನಾನು ಜಪಾನಿ ಭಾಷೆಯಲ್ಲಿ ಎಣಿಸುತ್ತಿದ್ದೆ. ಮಾವ ಅದನ್ನು ಕೇಳಿಸಿಕೊಂಡು ನಗುತ್ತಿದ್ದರು. ಆ ಎರಡು ಮೂರು ತಿಂಗಳು ನನ್ನ ಬದುಕಿನ ಬಹಳ ಸಂತೋಷದ ದಿನಗಳು ಎಂದು ಈಗ ಅನ್ನಿಸುತ್ತದೆ. ಆಗ ಗಮನಿಸಲಿಲ್ಲ.

ನಮ್ಮ ಸಾಲು ಬೆಳೆಯುತ್ತಾ ಹೋಯಿತು, ಮಣ್ಣಿನಲ್ಲಿದ್ದವರು ಕಡಿಮೆಯಾಗುತ್ತಾ ಬಂದರು. ಇವತ್ತು ಲಂಗೋಟಿಯಲ್ಲಿದ್ದವನು ನಾಳೆ ಬಿಳಿ ಬಟ್ಟೆಯಲ್ಲಿ ಗೋಡೆಯ ಪಕ್ಕ ನಿಂತಿರುತ್ತಿದ್ದ. ಯಾರೂ ಮಾವನಿಗೆ ಹೇಳಿ ಬಿಡಲಿಲ್ಲ. ದೀಪಾವಳಿ ಹೊತ್ತಿಗೆ ಇಬ್ಬರು ಉಳಿದಿದ್ದರು. ಸಂಕ್ರಾಂತಿಗೆ ಆ ಇಬ್ಬರೂ ಇರಲಿಲ್ಲ. ಆದರೂ ಮಾವ ದಿನಾ ಬೆಳಿಗ್ಗೆ ಗುದ್ದಲಿ ಹಿಡಿದು ಮಟ್ಟಿ ಅಗೆದು, ನೀರು ಚಿಮುಕಿಸಿ, ಕೈಯಿಂದ ಸವರಿ ಸಮ ಮಾಡುತ್ತಿದ್ದರು.

"ಯಾರೂ ಬರಲ್ವಲ್ಲ ಮಾವ, ಯಾಕೆ ಸುಮ್ನೆ?" ಅಂದೆ ಒಂದು ದಿನ.

"ಬುಟ್ರೆ ಕಲ್ಲಾಗ್ಬುಡ್ತದೆ" ಅಂದರು.

ಅಷ್ಟರಲ್ಲಿ ಚನ್ನಪಟ್ಟಣದಲ್ಲಿ ಕ್ಲಾಸು ಶುರುವಾಗಿತ್ತು. ಕನಕಪುರದವರು ಕರೆದಿದ್ದರು. ನಾನು ಕಾರ್ಖಾನೆಯ ಕೆಲಸ ಬಿಟ್ಟು ವಾರಪೂರ್ತಿ ಬಸ್ಸಿನಲ್ಲೇ ಇರುತ್ತಿದ್ದೆ. ಹೋದಲ್ಲೆಲ್ಲ 'ಮಾಸ್ಟರ್' ಎಂದು ಎದ್ದು ನಿಲ್ಲುತ್ತಿದ್ದರು. ಇಪ್ಪತ್ತನಾಲ್ಕು ವರ್ಷದವನಿಗೆ ಅದು ತಲೆಗೆ ಏರದೆ ಇರುತ್ತದೆಯೇ?

ರಾಮನಗರದ ತಾಯಂದಿರದು ಒಂದೇ ದೂರು. ಬಿಳಿ ಬಟ್ಟೆಗೆ ಕೆಮ್ಮಣ್ಣು ಹಿಡಿದರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಜೊತೆಗೆ ನಡುವೆ ಹಳ್ಳ ಇದ್ದದ್ದರಿಂದ ಮಕ್ಕಳಿಗೆ ನಿಲ್ಲಲು ಜಾಗ ಸಾಲುತ್ತಿರಲಿಲ್ಲ. ನೂಲು ತೆಗೆಯುವ ಘಟಕ ಇಟ್ಟಿದ್ದ ಒಬ್ಬ ತಂದೆ, "ನೆಲಕ್ಕೆ ಸಿಮೆಂಟು ಹಾಕ್ಸಿ ಮಾಸ್ಟ್ರೇ, ಮೂಟೆ ನಾನು ಕಳಿಸ್ತೀನಿ" ಅಂದರು. ಹೇಗೆ ಕೇಳುವುದೆಂದು ನಾಲ್ಕು ದಿನ ಒದ್ದಾಡಿದೆ. ಕೊನೆಗೆ ಊಟಕ್ಕೆ ಕೂತಾಗ, ಮಕ್ಕಳ ಬಟ್ಟೆ ಕೊಳೆಯಾಗುತ್ತದೆ, ಜಾಗ ಇಕ್ಕಟ್ಟು, ಯಾರೋ ಸಿಮೆಂಟು ಕೊಡುತ್ತಾರಂತೆ ಎಂದು ಬೇರೆ ಬೇರೆ ತುಂಡುಗಳಾಗಿ ಹೇಳಿದೆ. ಮಟ್ಟಿ ಅನ್ನುವ ಮಾತನ್ನು ಬಾಯಿಗೆ ತರಲಿಲ್ಲ.

ಮಾವ ಮುದ್ದೆ ಮುರಿಯುತ್ತಾ ಇದ್ದವರು ಕೈ ನಿಲ್ಲಿಸಿದರು.

"ಮುಚ್ಬುಡು" ಅಂದರು. "ಸಂತೆಗೆ ಹೋಗೋ ದಾರೀಲಿ ಬಾವಿ ಇದ್ದಂಗೆ ಯಾಕೆ ಇರ್ಬೇಕು. ಮಣ್ಣು ಮಾತ್ರ ನಾನೇ ತೆಗೀತೀನಿ. ಕೂಲಿಯವರ ಕೈಲಿ ಬ್ಯಾಡ."

ಎರಡು ದಿನ ಒಬ್ಬರೇ ಮಣ್ಣು ತೆಗೆದರು. ನಾನು ಕೈ ಹಾಕಲು ಹೋದರೆ, "ನಿಂಗೆ ಕನಕಪುರಕ್ಕೆ ಹೊತ್ತಾಯ್ತದೆ, ಹೋಗು" ಅಂದರು. ಹೋದೆ. ಆ ಮಣ್ಣನ್ನು ಗಾಡಿಗೆ ತುಂಬಿಸಿ ಅಕ್ಕೂರಿನ ನಮ್ಮ ಹಿಪ್ಪುನೇರಳೆ ತೋಟಕ್ಕೆ ಕಳಿಸಿದರು. ಗಿಡದ ಬುಡಕ್ಕೆ ಬಿದ್ದರೆ ಒಳ್ಳೆಯದಾಗಲಿ ಎಂದು ಅವರ ಆಸೆ. ನಮ್ಮವ್ವ ಒಪ್ಪಲಿಲ್ಲ.

"ಎಣ್ಣೆ, ಅರಿಶಿನ, ಬೆವರು ಕುಡ್ದಿರೋ ಮಣ್ಣು. ಸೊಪ್ಪಿಗೆ ಏನಾರ ಆಗಿ ಹುಳ ಕೆಟ್ರೆ ಯಾರು ದಿಕ್ಕು? ಬೇಲಿ ಅತ್ತಾಗೆ ಸುರೀರಿ" ಅಂದಳು.

ಅವಳ ಸ್ವಂತ ಅಣ್ಣನ ಮಣ್ಣು. ಆದರೆ ಆಗ ಹುಳ ಎರಡನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳ ಮೇಯುವುದು ನಿಲ್ಲಿಸಿ ತಲೆ ಎತ್ತಿ ಅಲುಗದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಮನೆಮಂದಿಗೆಲ್ಲ ಒಂದು ಹೆದರಿಕೆ. ಅವ್ವನದೂ ತಪ್ಪಲ್ಲ. ಮಣ್ಣು ಬೇಲಿಯ ಆಚೆ ಬಿತ್ತು. ಮಳೆಗೆ ಕರಗಿ ರಸ್ತೆಗೆ ಹರಿಯಿತು. ಮಾವನಿಗೆ ನಾನು, "ತೋಟಕ್ಕೆ ಹಾಕಿದ್ರು" ಎಂದು ಹೇಳಿದೆ.

ಸಿಮೆಂಟು ಹಾಕಿದ ಮೇಲೆ ಅದಕ್ಕೆ ದಿನಾ ನೀರು ಕಟ್ಟಿ ನೆನೆಸಿದವರೂ ಮಾವನೇ. ಮಾರುಕಟ್ಟೆಯಿಂದ ಮಧ್ಯಾಹ್ನ ಒಂದು ಸಲ ಬಂದು ಕೊಡ ಕೊಡ ಸುರಿದು ಹೋಗುತ್ತಿದ್ದರಂತೆ. ಅದನ್ನು ನನಗೆ ಪಕ್ಕದ ಅಂಗಡಿಯವರು ಹೇಳಿದರು.

ಮಾಗಡಿಯಲ್ಲೂ ಕ್ಲಾಸು ಶುರುವಾಗಿ ತಿಂಗಳಾಗುವಷ್ಟರಲ್ಲಿ ನಮಗೆ ವರ್ಷ ತುಂಬಿತು. ವಾರ್ಷಿಕೋತ್ಸವಕ್ಕೆ ಬೆಂಗಳೂರಿನಿಂದ ನನ್ನ ಗುರುಗಳೇ ಬಂದರು, ಬೆಲ್ಟು ಪರೀಕ್ಷೆಗೂ ಅವರೇ. ನಾಲ್ಕೂ ಊರಿನ ಮಕ್ಕಳು ಬಂದಿದ್ದರು. ಗರಡಿಯ ಮುಂದಿನ ಬೀದಿಗೆ ಶಾಮಿಯಾನ ಹಾಕಿದ್ದೆವು. ಮಾವ ಅವತ್ತು ಮಾರುಕಟ್ಟೆಗೆ ಹೋಗಲಿಲ್ಲ. ಬೆಳಿಗ್ಗೆಯಿಂದ ಮಾವಿನ ಸೊಪ್ಪು ಕಟ್ಟಿದರು, ಕುರ್ಚಿ ಜೋಡಿಸಿದರು, ಡ್ರಮ್ಮಿಗೆ ನೀರು ತುಂಬಿದರು. ಬಿಸಿಲಿಗೆ ಬೆವೆತು ಅಂಗಿ ತೆಗೆದು ಹೆಗಲಿಗೆ ಟವೆಲು ಹಾಕಿಕೊಂಡಿದ್ದರು. ಕುಸ್ತಿಯಲ್ಲಿ ಜಜ್ಜಿ ಹೂಕೋಸಿನಂತಾದ ಕಿವಿಗಳು, ಮೊಣಕಾಲ ಮೇಲೆ ಎತ್ತಿ ಕಟ್ಟಿದ ಪಂಚೆ.

ಗುರುಗಳು ತಲೆ ತಗ್ಗಿಸಿ ಗರಡಿಯ ಒಳಗೆ ಬಂದು ನೆಲ ನೋಡಿ ಮೆಚ್ಚಿಕೊಂಡರು. ಮಾವ ಒಂದು ತಟ್ಟೆಯಲ್ಲಿ ನಿಂಬೆ ಪಾನಕದ ಲೋಟ ಇಟ್ಟುಕೊಂಡು ಬರುತ್ತಿದ್ದರು. ಅವರ ಮೈಕಟ್ಟು ನೋಡಿ ಗುರುಗಳಿಗೆ ಕುತೂಹಲ ಆಗಿರಬೇಕು.

"ಇವರು ಯಾರು?" ಎಂದು ಕೇಳಿದರು.

"ಇಲ್ಲಿ ನೋಡ್ಕೊಳ್ಳೋರು ಸರ್" ಅಂದೆ.

ಮಾವ ಆಗ ನನ್ನಿಂದ ಎರಡು ಮಾರು ದೂರದಲ್ಲಿದ್ದರು. ಅವರ ನಡಿಗೆ ತಡವರಿಸಲಿಲ್ಲ. ಬಂದು ಲೋಟ ಕೊಟ್ಟರು, ತಟ್ಟೆ ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈ ಜೋಡಿಸಿದರು. ಗುರುಗಳು, "ಚೆನ್ನಾಗಿ ಇಟ್ಟಿದ್ದೀರಿ" ಅಂದರು. "ಆಯ್ತು ಸಾಮಿ" ಎಂದು ಮಾವ ಹೊರಗೆ ಹೋದರು.

ಯಾಕೆ ಹಾಗಂದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನಮ್ಮ ಮಾವ ಅನ್ನಲು ಅರ್ಧ ಕ್ಷಣ ಸಾಕಿತ್ತು. ನನಗೆ ಮೊದಲು ಕಲಿಸಿದವರು ಎಂದಿದ್ದರೆ ಗುರುಗಳು ಅವರ ಕಾಲು ಮುಟ್ಟುತ್ತಿದ್ದರೇನೋ, ಅಂಥ ಮನುಷ್ಯರೇ ಅವರು. ಬೆಂಗಳೂರಿನಲ್ಲಿ ಐದು ವರ್ಷ ಮಣ್ಣಿನ ವಾಸನೆ ತೊಳೆದುಕೊಂಡು ಬಂದಿದ್ದೇನೆ ಎಂದು ನಾನು ಅಂದುಕೊಂಡಿದ್ದೆ. ಆ ಬೆವರು, ಆ ಕಿವಿ, ಆ ಪಂಚೆ ನನಗೆ ಅಂಟಿದ್ದು ಕಾಣಿಸಬಾರದು ಅನ್ನಿಸಿತ್ತು. ಬೇರೆ ಕಾರಣ ಹುಡುಕಿದರೂ ಸಿಗುವುದಿಲ್ಲ.

ಆಮೇಲೆ ವೇದಿಕೆ ಹತ್ತಿ ವರದಿ ಓದಿದೆ. ಪ್ರತಿ ಊರಿನ ಹೆಸರು ಬಂದಾಗಲೂ ಆ ಊರಿನ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಮಾವ ಕೊನೆಯ ಸಾಲಿನ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದರು. ನಾಲ್ಕೂ ಊರಿಗೂ ಅವರು ತಟ್ಟಿದರು.

ಮರುದಿನ ನಾನು ಏಳುವಷ್ಟರಲ್ಲಿ ಅವರು ನೆಲ ಗುಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ ಮುಗಿಸಿದ್ದರು. ಮಕ್ಕಳ ಚಪ್ಪಲಿ ಸಾಲಾಗಿ ಜೋಡಿಸಿದರು. ಹೊಸದಾಗಿ ಮಗಳನ್ನು ಸೇರಿಸಲು ಬಂದಿದ್ದ ಒಬ್ಬ ತಾಯಿ, ಮಾಸ್ಟ್ರು ನೀವೇನಾ ಎಂದು ಅವರನ್ನು ಕೇಳಿದರು.

"ಅಲ್ಲ ಕಣವ್ವ, ಮಾಸ್ಟ್ರು ಒಳಗವ್ರೆ. ನಾನು ಇಲ್ಲಿ ನೋಡ್ಕಳೋನು" ಅಂದರು ಮಾವ.

ದನಿಯಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಜಗಳ ಆಡಬಹುದಿತ್ತು, ಅತ್ತು ಕಾಲಿಗೆ ಬೀಳಬಹುದಿತ್ತು. ಅವರು ನಾನು ಕೊಟ್ಟ ಕೆಲಸವನ್ನು ಒಪ್ಪಿಕೊಂಡು ಮಾಡುತ್ತಿದ್ದರು, ಅಷ್ಟೇ. ಊಟಕ್ಕೆ ಕೂತಾಗ ಎಂದಿನಂತೆ ನನಗೆ ಸಾರು ಬಡಿಸುತ್ತಿದ್ದರು. ಏನ್ಲಾ ಎಂದು ಕರೆಯುವುದು ಮಾತ್ರ ನಿಂತುಹೋಗಿತ್ತು. ಏನಪ್ಪ ಅನ್ನುತ್ತಿದ್ದರು.

ಹೀಗೆ ಒಂದು ಹದಿನೈದು ದಿನ ಕಳೆಯಿತು. ಒಂದು ಬೆಳಿಗ್ಗೆ ಟ್ರಂಕು ಹೊರಗಿಟ್ಟು ಬೀಗದ ಕೈ ನನ್ನ ಕೈಗೆ ಕೊಟ್ಟರು.

"ಮಗಳು ಹುಳದ ಬೆಳೆ ಇಕ್ಕವಳೆ. ಸೊಪ್ಪು ಕುಯ್ಯಕೆ ಆಳಿಲ್ವಂತೆ. ಒಂದ್ ಬೆಳೆ ಮುಗಿಸ್ಕೊಂಡು ಬತ್ತೀನಪ್ಪ."

"ಹೋಗ್ಬ್ಯಾಡಿ ಮಾವ" ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಹೊರಗೆ ಮಕ್ಕಳು ಬಂದು ನಿಂತಿದ್ದರು. ಟ್ರಂಕು ಹೊತ್ತು ಬಸ್ ಸ್ಟ್ಯಾಂಡಿನವರೆಗೂ ಹೋಗಿ ಬಿಟ್ಟು ಬಂದೆ.

ಆ ಬೆಳೆ ಮುಗಿಯಿತು. ಅದರ ಮುಂದಿನದೂ ಮುಗಿಯಿತು. ಅವರು ಬರಲಿಲ್ಲ. ಮೂರನೆಯ ತಿಂಗಳು ನಾನೇ ಮರಳವಾಡಿಗೆ ಹೋದೆ. ಅಂದು ಕನಕಪುರದ ಕ್ಲಾಸಿನ ದಿನ. ಬೆಳಿಗ್ಗೆಯೇ ಹೋಗಿ, ಮಾತಾಡಿ, ಮಧ್ಯಾಹ್ನದ ಬಸ್ಸಿಗೆ ಕನಕಪುರಕ್ಕೆ ಬರುವುದು ಎಂದುಕೊಂಡಿದ್ದೆ. ಕ್ಷಮೆ ಕೇಳುವುದಕ್ಕೂ ನಾನು ಬಸ್ಸಿನ ಟೈಮು ನೋಡಿಕೊಂಡು ಹೋದವನು.

ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಸೊಪ್ಪು ಹಾಕುವ ಹಾಗಿಲ್ಲವಾದ್ದರಿಂದ ಮನೆಯಲ್ಲಿ ಎಲ್ಲರಿಗೂ ಒಸಿ ಬಿಡುವು. ಮಾವ ಹುಳದ ಮನೆಯ ಹೊರಗೆ ಜಗಲಿಯ ಮೇಲೆ ಕುಡುಗೋಲು ಮಸೆಯುತ್ತಾ ಕೂತಿದ್ದರು. ಇಳಿದುಹೋಗಿದ್ದರು. ಭುಜದ ಮೂಳೆ ಕಾಣುತ್ತಿತ್ತು. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಮಾವ, ಅವತ್ತು ನಮ್ಮ ಗುರುಗಳು ಬಂದಿದ್ದಾಗ..." ಎಂದು ಶುರುಮಾಡಿದೆ.

ಅವರು ಕುಡುಗೋಲಿನ ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. "ಅದೇನ್ ಸುಳ್ಳಾ? ನೋಡ್ಕತಿದ್ದೆ ತಾನೆ" ಅಂದರು.

ಮತ್ತೆ ಮಸೆಯುತ್ತಾ ಅವರೇ ಕೇಳಿದರು, "ನೆಲ ಎಲ್ಲಾರ ಬಿರುಕು ಬುಟ್ಟೈತಾ?"

"ಇಲ್ಲ ಮಾವ."

"ಸಂದಾಗಿ ನೆನ್ಸಿದ್ದೆ ಅದ್ಕೆ."

ಮಾವನ ಮಗಳು ಮಜ್ಜಿಗೆ ತಂದುಕೊಟ್ಟಳು. ನನಗಿಂತ ಆರು ವರ್ಷ ದೊಡ್ಡವಳು, ಅತ್ತಿಗೆ ಎಂದು ಕರೆಯುತ್ತಿದ್ದೆ. ಊಟ ಮಾಡಿಕೊಂಡು ಹೋಗು ಅಂದಳು. ವಾಪಸು ಬನ್ನಿ ಮಾವ, ನೀವಿಲ್ಲದೆ ಆಗುವುದಿಲ್ಲ, ಒಂದು ಮೂಲೆಯಲ್ಲಾದರೂ ಮಟ್ಟಿ ಮಾಡೋಣ, ಹುಡುಗರಿಗೆ ಪಟ್ಟು ಹೇಳಿಕೊಡಿ. ಇಷ್ಟನ್ನೂ ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿತು. ಮಾವನೇ, "ಓಡು, ತಪ್ಪೋಯ್ತದೆ. ಮಕ್ಳು ಕಾಯ್ತಾ ಇರ್ತವೆ" ಅಂದರು. ಓಡಿದೆ. ಕಿಟಕಿಯಿಂದ ನೋಡಿದಾಗ ಅವರು ಮತ್ತೆ ಕುಡುಗೋಲಿನ ಮೇಲೆ ಬಗ್ಗಿದ್ದರು. ಅವತ್ತು ಕನಕಪುರದಲ್ಲಿ ಮಕ್ಕಳು ಚೆನ್ನಾಗಿ ಮಾಡಿದರು. ಮುಂದಿನ ಸಲ ಹೇಳಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಮುಂದಿನ ಸಲ ನಾನು ಮರಳವಾಡಿಗೆ ಹೋದದ್ದು ಅವರನ್ನು ಮಣ್ಣು ಮಾಡಿದ ಮೇಲೆ. ಬೆಳಿಗ್ಗೆ ಸೊಪ್ಪಿನ ಹೊರೆ ಹೊತ್ತು ತಂದವರು ಇಳಿಸಿ, ಎದೆ ಹಿಡಿದುಕೊಂಡು ಕೂತರಂತೆ. ನೀರು ತರುವಷ್ಟರಲ್ಲಿ ಆಗಿಹೋಗಿತ್ತು. ಗರಡಿಗೆ ಹೇಳಿಕಳಿಸಿದ್ದರು. ನಾನು ಮಾಗಡಿಯಲ್ಲಿದ್ದೆ. ಅಲ್ಲಿಗೆ ಸುದ್ದಿ ಮುಟ್ಟಿದ್ದು ಮರುದಿನ.

ನಾನು ಬಸ್ಸಿಳಿದು ಹೋದಾಗ ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಅಳುತ್ತಿರಲಿಲ್ಲ.

"ನಿನ್ನೆ ಮೂರ್ ಗಂಟೆಗಂಟ ಕಾದ್ವಿ" ಅಂದಳು. "ನೀನು ಮಾಗಡೀಲಿದ್ಯಂತೆ."

"ಗೊತ್ತಾಗ್ಲಿಲ್ಲ ಅತ್ತಿಗೆ."

"ಯಾವತ್ತಾರ ಒಂದ್ ದಿನ ಬಂದು ಕರ್ಕೊಂಡು ಹೋಯ್ತಾನೆ ಅಂತ ಟ್ರಂಕಿಂದ ಬಟ್ಟೆ ತೆಗ್ದೇ ಇರ್ಲಿಲ್ಲ ಕಣಪ್ಪ ಅವ್ರು. ಒಗೆದಿದ್ದೆಲ್ಲ ಮಡಚಿ ಅದರೊಳಿಕ್ಕೇ ಇಕ್ಕೋರು."

ಜಗಲಿಯ ಮೇಲೆ ಕೂತುಬಿಟ್ಟೆ.

ಕ್ಲಾಸು ಆಮೇಲೂ ಒಂಬತ್ತು ವರ್ಷ ನಡೆಯಿತು. ಕನಕಪುರ, ಮಾಗಡಿ ಬೇಗ ನಿಂತವು, ರಾಮನಗರ ಕೊನೆಗೆ. ಬೆಲ್ಟು ಕಟ್ಟಿಕೊಂಡ ಮಕ್ಕಳು ಈಗ ಸಿಕ್ಕಿದರೆ ಪ್ರೀತಿಯಿಂದ ಮಾತಾಡಿಸುತ್ತಾರೆ. ವರ್ಷದ ವರದಿ ಬರೆಯುವುದನ್ನು ಆ ಒಂದೇ ಸಲಕ್ಕೆ ಬಿಟ್ಟೆ. ಯಾಕೆಂದು ಯಾರೂ ಕೇಳಲಿಲ್ಲ.

ಅಂದು ಮರಳವಾಡಿಯಲ್ಲಿ ನಾನು ಎಷ್ಟು ಹೊತ್ತು ಕೂತಿದ್ದೆನೋ. ಒಳಗೆ ಹುಳ ಹಣ್ಣಾಗಿದ್ದವು. ಮೇಯುವುದು ಬಿಟ್ಟು, ಮೈ ಹಳದಿಗೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುತ್ತಾ ತಟ್ಟೆಯ ಅಂಚಿಗೆ ಹರಿಯುತ್ತಿದ್ದವು. ಸೂತಕದ ಮನೆಯವರು ಹುಳ ಮುಟ್ಟಬಾರದು ಎಂದು ಯಾರೋ ಹಿರಿಯರು ಅಂದರು. ಅಕ್ಕಪಕ್ಕದವರು ಇಬ್ಬರು ಬಂದಿದ್ದರು, ಆದರೆ ಅಷ್ಟು ತಟ್ಟೆಗಳಿಗೆ ನಾಲ್ಕು ಕೈ ಎಲ್ಲಿ ಸಾಲಬೇಕು? ಹಣ್ಣು ಹುಳ ಕಾಯುವುದಿಲ್ಲ. ಚಂದ್ರಿಕೆ ಅನ್ನುವ ಬಿದಿರಿನ ಸುರುಳಿ ತಟ್ಟೆಗೆ ಅದೇ ಹೊತ್ತಿಗೆ ಬಿಡದಿದ್ದರೆ ಸಿಕ್ಕಲ್ಲಿ ಎಳೆ ಬಿಟ್ಟು ಹಾಳಾಗುತ್ತದೆ. ಅತ್ತಿಗೆ ಸೆರಗು ಬಿಗಿದು ಒಳಗೆ ಹೋದಳು. ನಾನೂ ಕೈಕಾಲು ತೊಳೆದು ಹಿಂದೆಯೇ ಹೋದೆ.

ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಮುಖ ನೋಡಲಿಲ್ಲ. "ಆ ಮೂಲೆ ತಟ್ಟೆ ತಗೊ. ಒತ್ತಿ ಹಿಡೀಬ್ಯಾಡ" ಅಂದಳು.

ಒಂದೊಂದೇ ಹುಳ ಎತ್ತಿ ಚಂದ್ರಿಕೆಗೆ ಬಿಡುತ್ತಾ ಹೋದೆ. ಬೆರಳುಗಳಿಗೆ ತಣ್ಣಗೆ, ಮೆತ್ತಗೆ ತಾಗುತ್ತಿದ್ದವು. ಆ ತಟ್ಟೆ ಮುಗಿದಾಗ ಪಕ್ಕದ್ದು ಎಳೆದುಕೊಂಡೆ. ಸಂಜೆ ಬಸ್ಸು ಬಂದು ಹೋದದ್ದು ಕೇಳಿಸಿತು. ನಾನು ಕೆಲಸ ಬಿಟ್ಟು ಏಳಲಿಲ್ಲ.